ಕಾಂಪೌಂಡಿಗೊಂದು ಕೆಂಪು ಬಳ್ಳಿಗುಲಾಬಿ

ಪುಣೆ ಬಳಿಯ ಚಾಕಣದ ಕಾರ್ಖಾನೆಗಳ ಕೆಲಸಕ್ಕೆ ಬಂದು ನೆಲೆಸಿದವರಿಗೆ ಕೈದೋಟವೆಂದರೆ ಹೆಚ್ಚಾಗಿ ಕಾಂಪೌಂಡಿನ ಬದಿಯ ನಾಲ್ಕಡಿ ಜಾಗ. ದಿನಕ್ಕೆ 6 ತಾಸು ಬಿಸಿಲು ಬಿದ್ದರೆ ಬಳ್ಳಿಗುಲಾಬಿಗೆ ಅಷ್ಟೇ ಧಾರಾಳ.

ಹತ್ತಿರದ ತಳೇಗಾಂವದ ಪಾಲಿಹೌಸ್‌ಗಳ ಗುಲಾಬಿ ವಿದೇಶಕ್ಕೂ ಹೋಗುತ್ತದೆ. ಆದರೆ ಆ ಉದ್ದ ಕಾಂಡದ ತಳಿಗಳು ಗೋಡೆ ಏರುವುದಿಲ್ಲ. ನರ್ಸರಿಯಲ್ಲಿ ಬಳ್ಳಿ ತಳಿಯನ್ನೇ ಕೇಳಿ ತರಬೇಕು. 1958ರಲ್ಲಿ ಮಾರುಕಟ್ಟೆಗೆ ಬಂದ ‘ಡಾನ್ ಜುವಾನ್’ ಸಿಕ್ಕರೆ ಬಿಡಬೇಡಿ. ಕಡುಗೆಂಪು ಬಣ್ಣ, ಗಾಢ ಪರಿಮಳ, ಎತ್ತರ ಎಂಟು-ಹತ್ತು ಅಡಿ.

ಕಪ್ಪು ಮಣ್ಣು ನೀರು ಹಿಡಿದಿಟ್ಟು ಬೇರು ಕೊಳೆಸುತ್ತದೆ. ಒಂದೂವರೆ ಅಡಿ ಗುಂಡಿ ತೆಗೆದು ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ.

ಹೂವಿನ ಗುಟ್ಟಿರುವುದು ಕಟ್ಟುವ ರೀತಿಯಲ್ಲಿ. ಬಳ್ಳಿಗುಲಾಬಿ ಮಲ್ಲಿಗೆಯಂತೆ ತಾನಾಗಿ ಸುತ್ತಿಕೊಳ್ಳುವುದಿಲ್ಲ. ರೆಂಬೆ ನೆಟ್ಟಗೆ ಏರಿದರೆ ತುದಿಯಲ್ಲಷ್ಟೇ ಹೂ. ಎಳೆಯದಾಗಿರುವಾಗಲೇ ಮೆಲ್ಲಗೆ ಬಾಗಿಸಿ, ಗೋಡೆಗೆ ಬಿಗಿದ ತಂತಿಯುದ್ದಕ್ಕೆ ಅಡ್ಡಲಾಗಿ ಹಳೆ ಬಟ್ಟೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿದರೆ ಗಿಣ್ಣು ಗಿಣ್ಣಿನಲ್ಲೂ ಚಿಗುರೊಡೆದು ಮೊಗ್ಗು ಕೂರುತ್ತದೆ. ಗೋಡೆಗೂ ತಂತಿಗೂ ನಡುವೆ ನಾಲ್ಕು ಬೆರಳು ಗಾಳಿ ಆಡಲಿ.

ಮಳೆಗಾಲದಲ್ಲಿ ಎಲೆಗೆ ಕಪ್ಪುಚುಕ್ಕೆ ರೋಗ ಖಂಡಿತ ಬರುತ್ತದೆ. ಉದುರಿದ ಎಲೆಗಳನ್ನು ಆಯ್ದು ದೂರ ಎಸೆಯಿರಿ. ಮಳೆ ನಿಂತ ಮೇಲೆ ಅಕ್ಟೋಬರಿನಲ್ಲಿ ಒಣಗಿದ ರೆಂಬೆ ಸವರಿ, ಅಡ್ಡರೆಂಬೆಗಳನ್ನು ಎರಡು-ಮೂರು ಗಿಣ್ಣಿಗೆ ಕತ್ತರಿಸಿ. ಕಸಿಯ ಗಂಟಿನ ಕೆಳಗೆ ಹೊರಟ ಚಿಗುರು ಕಾಡುಗುಲಾಬಿಯದು, ಅದನ್ನು ಬುಡದಿಂದಲೇ ಕಿತ್ತುಬಿಡಿ.