ಕೂಸನ್ನು ಒಪ್ಪಿಸುವ ಮುನ್ನ: ಶಿಶುಪಾಲನಾ ಕೇಂದ್ರದ ಆಯ್ಕೆ

ಕೂಡುಕುಟುಂಬದಲ್ಲಿ ಕೂಸು ಅಜ್ಜಿಯ ಮಡಿಲಿನಿಂದ ಚಿಕ್ಕಮ್ಮನ ಕಂಕುಳಿಗೆ, ಅಲ್ಲಿಂದ ಸೋದರತ್ತೆಯ ತೋಳಿಗೆ ಸಾಗುತ್ತ ಬೆಳೆಯುತ್ತಿತ್ತು. ತಾಯಿ ಹೊಲಕ್ಕೋ ಮಗ್ಗಕ್ಕೋ ಹೋದರೂ ಮಗುವಿಗೆ ಮಡಿಲಿನ ಕೊರತೆ ಇರಲಿಲ್ಲ. ಹಾವೇರಿ, ಧಾರವಾಡ, ಬಾಗಲಕೋಟೆ, ದಾವಣಗೆರೆಗಳ ಕಡೆಯಿಂದ ಉದ್ಯೋಗನಿಮಿತ್ತ ಕರಾವಳಿಗೆ ಬಂದು ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳಲ್ಲಿ ನೆಲೆಸಿರುವ ಭಕ್ತಕುಟುಂಬಗಳ ಸ್ಥಿತಿ ಬೇರೆ. ಗಂಡ ಹೆಂಡಿರಿಬ್ಬರೂ ಆಸ್ಪತ್ರೆ, ಕಾಲೇಜು, ಬ್ಯಾಂಕುಗಳಲ್ಲಿ ದುಡಿಯುತ್ತಾರೆ. ಅಜ್ಜ ಅಜ್ಜಿಯರು ಘಟ್ಟದ ಮೇಲಿದ್ದಾರೆ. ಹೆರಿಗೆಯ ರಜೆ ಮುಗಿಯುವ ದಿನ ಹತ್ತಿರವಾದಂತೆ ಆ ಮನೆಯಲ್ಲಿ ಒಂದೇ ಚಿಂತೆ: ಕೂಸನ್ನು ಯಾರ ಕೈಗೆ ಒಪ್ಪಿಸುವುದು?

ಈ ಚಿಂತೆಗೆ ಜೊತೆಯಾಗಿ ತಾಯಿಯ ಮನಸ್ಸಿನಲ್ಲಿ ಅಪರಾಧಭಾವವೂ ಬೆಳೆಯುತ್ತದೆ. ಬಂಧುಗಳ ಮಾತು ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಶರಣಧರ್ಮವು ಕಾಯಕವನ್ನು ಗಂಡಿಗಷ್ಟೇ ಮೀಸಲಿಡಲಿಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು ಕಾಯಕದಲ್ಲಿ ಸಮಭಾಗಿಗಳಾಗಿದ್ದರು. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಪತಿಯನ್ನು ತಿದ್ದಿದವಳು ಲಕ್ಕಮ್ಮ. ಆದ್ದರಿಂದ ದುಡಿಯುವ ತಾಯಿ ತಪ್ಪಿತಸ್ಥಳಲ್ಲ. ಆದರೆ ಕೂಸನ್ನು ಒಪ್ಪಿಸುವ ಜಾಗವನ್ನು ಪರೀಕ್ಷಿಸದೆ ಒಪ್ಪಿಸುವುದು ಸಲ್ಲದು. ಈ ಪರೀಕ್ಷೆಯ ಹೊಣೆ ತಂದೆ ತಾಯಿ ಇಬ್ಬರದೂ ಹೌದು.

ಪರೀಕ್ಷೆಗೆ ಬೇಕಾದ ಒರೆಗಲ್ಲು ನಮ್ಮ ಆಯುರ್ವೇದದಲ್ಲಿಯೇ ಇದೆ. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ‘ಧಾತ್ರಿ’ ಎಂದರೆ ಮಗುವಿಗೆ ಹಾಲೂಡಿ ಸಾಕುವವಳ ಲಕ್ಷಣಗಳೂ ‘ಕುಮಾರಾಗಾರ’ ಎಂದರೆ ಮಗು ಬೆಳೆಯುವ ಮನೆಯ ಲಕ್ಷಣಗಳೂ ವಿವರವಾಗಿ ಬಂದಿವೆ. ಅಲ್ಲಿ ಧಾತ್ರಿಯ ವಿಚಾರ ಮೊದಲು, ಮನೆಯ ವಿಚಾರ ಅನಂತರ. ನಾವೂ ಈ ಕ್ರಮವನ್ನೇ ಅನುಸರಿಸಬೇಕು. ಮೊದಲು ನೋಡಬೇಕಾದದ್ದು ಕೂಸನ್ನು ಎತ್ತಿಕೊಳ್ಳುವ ಕೈಯನ್ನು, ಆಮೇಲೆ ಮನೆಯನ್ನು. ಗೋಡೆಯ ಮೇಲಿನ ಬಣ್ಣದ ಚಿತ್ರಗಳನ್ನೂ ಇಂಗ್ಲಿಷ್ ಪದ್ಯಗಳ ಪಟ್ಟಿಯನ್ನೂ ಕೊನೆಗೆ ನೋಡಿದರೆ ಸಾಕು.

ಸಾಕುವ ಕೈ

ವಿನಯ, ಆರೋಗ್ಯ, ಶುಚಿತ್ವ, ದುರ್ವ್ಯಸನಗಳಿಲ್ಲದಿರುವುದು, ಮಗುವಿನ ಮೇಲೆ ಪ್ರೀತಿ, ಆರೈಕೆಯಲ್ಲಿ ಜಾಣ್ಮೆ ಇವು ಧಾತ್ರಿಗೆ ಚರಕರು ಹೇಳಿದ ಮುಖ್ಯ ಗುಣಗಳು. ಕೇಂದ್ರಕ್ಕೆ ಹೋದಾಗ ಸಂಚಾಲಕರೊಡನೆ ಮಾತನಾಡಿ ಹಿಂದಿರುಗಬಾರದು. ದಿನವಿಡೀ ಮಕ್ಕಳೊಡನೆ ಇರುವ ಆಯಾಳನ್ನು ಕಂಡು, ಅರ್ಧ ಗಂಟೆ ಸುಮ್ಮನೆ ಕುಳಿತು ನೋಡಬೇಕು. ಅಳುವ ಮಗುವಿನ ಬಳಿಗೆ ಆಕೆ ಎಷ್ಟು ಬೇಗ ಹೋಗುತ್ತಾಳೆ? ಉಣಿಸುವಾಗ ಮಗುವಿನ ಮುಖ ನೋಡುತ್ತಾಳೋ ಕೈಯಲ್ಲಿನ ಮೊಬೈಲ್ ನೋಡುತ್ತಾಳೋ? ಬಟ್ಟೆ ಬದಲಿಸಿದ ಮೇಲೆ ಸಾಬೂನಿನಿಂದ ಕೈ ತೊಳೆಯುತ್ತಾಳೆಯೇ? ಅಳುವ ಮಗುವನ್ನು ಗುಮ್ಮನ ಹೆಸರು ಹೇಳಿ ಬೆದರಿಸುತ್ತಾಳೆಯೇ? ಅಳುವ, ಉಣ್ಣದ ಮಗುವನ್ನು ರಾಕ್ಷಸ ಪಿಶಾಚಿಗಳ ಹೆಸರಿನಿಂದ ಹೆದರಿಸಕೂಡದೆಂದು ಚರಕರೇ ಎಚ್ಚರಿಸಿದ್ದಾರೆ. ಮಗುವನ್ನು ಗದರಿಸಬಾರದು, ನಿದ್ರೆಯಿಂದ ಥಟ್ಟನೆ ಎಬ್ಬಿಸಬಾರದು, ಹಠಾತ್ತನೆ ಎತ್ತಬಾರದು ಎಂಬುದು ಸುಶ್ರುತರ ಮಾತು.

ತೆವಳುವ ವಯಸ್ಸಿನ ಮಕ್ಕಳು ಒಬ್ಬಾಕೆಯ ಪಾಲಿಗೆ ಮೂರು ನಾಲ್ಕಕ್ಕಿಂತ ಹೆಚ್ಚು ಇರಕೂಡದು. ಕಾರಣ ಸರಳವಾದದ್ದು: ಅವಘಡವಾದಾಗ ಒಬ್ಬಳು ಎರಡು ಕೂಸುಗಳನ್ನಷ್ಟೇ ಎತ್ತಿಕೊಂಡು ಹೊರಗೆ ಓಡಬಲ್ಲಳು. ಆಯಾ ಎಷ್ಟು ವರ್ಷಗಳಿಂದ ಅಲ್ಲಿದ್ದಾಳೆ ಎಂಬುದನ್ನೂ ಕೇಳಬೇಕು. ಎರಡು ತಿಂಗಳಿಗೊಮ್ಮೆ ಆಯಾ ಬದಲಾಗುವ ಕಡೆ ಮಗು ಮತ್ತೆ ಮತ್ತೆ ಹೊಸ ಮುಖಕ್ಕೆ ಹೊಂದಿಕೊಳ್ಳಬೇಕಾಗುತ್ತದೆ. ಕೆಲಸಕ್ಕೆ ತೆಗೆದುಕೊಳ್ಳುವ ಮುನ್ನ ಆಕೆಯ ಹಿನ್ನೆಲೆಯನ್ನು ಪೊಲೀಸರ ಮೂಲಕ ಪರಿಶೀಲಿಸಿದ್ದಾರೆಯೇ ಎಂದು ಕೇಳಲು ಸಂಕೋಚ ಬೇಡ.

ಕುಮಾರಾಗಾರ

ಮಗುವಿನ ಮನೆ ಬೆಳಕುಳ್ಳದ್ದಾಗಿ, ನೇರ ಬಿರುಗಾಳಿಗೆ ಸಿಗದೆ ಒಂದು ಕಡೆಯಿಂದ ಗಾಳಿಯಾಡುವಂತಿರಬೇಕು. ನಾಯಿ, ಇಲಿ, ವಿಷಜಂತುಗಳು ಸುಳಿಯದಂತಿರಬೇಕು. ನೀರು, ಸ್ನಾನ, ಶೌಚ, ಅಡುಗೆಗಳಿಗೆ ಬೇರೆ ಬೇರೆ ಜಾಗವಿರಬೇಕು ಎಂಬುದು ಚರಕರ ಮತ. ಇದನ್ನು ನಮ್ಮ ಊರುಗಳಿಗೆ ಅನ್ವಯಿಸಿ ನೋಡೋಣ.

ಕಾರ್ಕಳದ ಕಡೆಯ ಮನೆಗಳಲ್ಲಿ ನಡೆಯುವ ಕೇಂದ್ರಗಳಿಗೆ ಅಂಗಳ, ತೋಟ, ಬಾವಿ ಇರುತ್ತವೆ. ಬಾವಿಗೆ ಎತ್ತರದ ಕಟ್ಟೆಯೂ ಮೇಲೆ ಕಬ್ಬಿಣದ ಜಾಲರಿಯೂ ಇವೆಯೇ? ಮಳೆಗಾಲದಲ್ಲಿ ಹಾವು ಒಳಬರದಂತೆ ಬಾಗಿಲ ಕೆಳಗಿನ ಸಂದು ಮುಚ್ಚಿದೆಯೇ? ಕಾಪುವಿನಲ್ಲಿ ರಾಷ್ಟ್ರೀಯ ಹೆದ್ದಾರಿ ೬೬ರ ಬದಿಯ ಮನೆಯಾದರೆ ಗೇಟಿನ ಚಿಲಕ ಮಗುವಿನ ಕೈಗೆ ಎಟುಕದಷ್ಟು ಎತ್ತರದಲ್ಲಿದೆಯೇ? ಮಣಿಪಾಲದ ಬಹುಮಹಡಿ ಕಟ್ಟಡಗಳಲ್ಲಿ ಬಾಲ್ಕನಿಗೂ ಕಿಟಕಿಗಳಿಗೂ ಸರಳುಗಳಿವೆಯೇ? ನೆಲಮಹಡಿಯ ಕೇಂದ್ರ ಎಲ್ಲಕ್ಕಿಂತ ಉತ್ತಮ. ಎಲ್ಲಿಯೇ ಆಗಲಿ, ಬಚ್ಚಲಿನಲ್ಲಿ ನೀರು ತುಂಬಿದ ಬಕೆಟ್ ಇರಕೂಡದು. ಅಂಬೆಗಾಲಿಡುವ ಕೂಸು ಮುಳುಗಲು ಗೇಣುದ್ದದ ನೀರೂ ಬೇಕಾಗಿಲ್ಲ.

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು ೪೦೦೦ ಮಿ.ಮೀ. ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುವುದರಿಂದ ಕೇಂದ್ರವನ್ನು ಬೇಸಿಗೆಯಲ್ಲಿ ನೋಡಿದರೆ ಸಾಲದು, ಮಳೆಗಾಲದಲ್ಲಿಯೂ ನೋಡಬೇಕು. ಗೋಡೆ ಒಸರಿ ಬೂಸು ಹಿಡಿದ ಕೋಣೆಯಲ್ಲಿ ಮಲಗುವ ಮಗುವಿಗೆ ಕೆಮ್ಮು, ಉಬ್ಬಸಗಳು ಬಿಡವು. ಬೆವರು ಕೊಳೆಗಳಿಂದ ಕೂಡಿದ ಹಾಸಿಗೆ ಬಟ್ಟೆಗಳನ್ನು ಬಿಡಬೇಕು, ಬೇರೆ ಇಲ್ಲದಿದ್ದರೆ ಚೆನ್ನಾಗಿ ಒಗೆದು, ಧೂಪ ಹಾಕಿ, ಒಣಗಿಸಿ ಬಳಸಬೇಕು ಎಂದು ಚರಕರು ಹೇಳಿದ್ದಾರೆ. ಆದ್ದರಿಂದ ಮಳೆಗಾಲದಲ್ಲಿ ಬಟ್ಟೆಯನ್ನು ಎಲ್ಲಿ ಒಣಗಿಸುತ್ತೀರಿ ಎಂದು ಕೇಳಿರಿ. ಅಂಗಳದ ತೆಂಗಿನ ಚಿಪ್ಪು, ಹಳೆಯ ಟಯರುಗಳಲ್ಲಿ ನೀರು ನಿಂತರೆ ಡೆಂಗಿ ಹರಡುವ ಸೊಳ್ಳೆ ಹುಟ್ಟುತ್ತದೆ. ಅದು ಕಚ್ಚುವುದು ಹಗಲಿನಲ್ಲಿ. ಆದುದರಿಂದ ಮಕ್ಕಳು ಹಗಲು ಮಲಗುವಾಗ ಸೊಳ್ಳೆಪರದೆ ಬೇಕು.

ಆಟಿಕೆಗಳು ಹಗುರವಾಗಿ, ಚೂಪಾದ ತುದಿಗಳಿಲ್ಲದೆ, ಬಾಯಿಯೊಳಗೆ ಹೋಗದಷ್ಟು ದೊಡ್ಡದಾಗಿರಬೇಕೆಂಬ ಪ್ರಾಚೀನ ಸೂಚನೆಗೆ ಇಂದಿಗೂ ಏನನ್ನೂ ಸೇರಿಸಬೇಕಾಗಿಲ್ಲ.

ಇಲ್ಲಿ ನಮ್ಮ ಸಂಪ್ರದಾಯಕ್ಕೆ ಸಂಬಂಧಿಸಿದ ಒಂದು ಮಾತು. ಅನೇಕ ಮನೆಗಳಲ್ಲಿ ಕೂಸಿಗೆ ಲಿಂಗಧಾರಣೆಯಾಗಿ ಕೊರಳಲ್ಲಿ ಶಿವದಾರವಿರುತ್ತದೆ. ತೊಟ್ಟಿಲ ಸರಳಿಗೋ ಇನ್ನೊಂದು ಮಗುವಿನ ಕೈಗೋ ಸಿಕ್ಕಿಕೊಂಡರೆ ಆ ದಾರವು ಉಸಿರುಗಟ್ಟಿಸಬಲ್ಲದು. ಗುರುಹಿರಿಯರ ಒಪ್ಪಿಗೆ ಪಡೆದು, ಕೂಸು ಕೇಂದ್ರದಲ್ಲಿರುವ ಹೊತ್ತಿನಲ್ಲಿ ಅದನ್ನು ಮನೆಯ ಪೂಜಾಸ್ಥಾನದಲ್ಲಿ ಇರಿಸುವುದು ಕ್ಷೇಮ. ಕೊರಳ ಸರ, ತಾಯಿತದ ಕಪ್ಪು ದಾರಗಳಿಗೂ ಇದೇ ಮಾತು ಸಲ್ಲುತ್ತದೆ.

ಹಾಲು ಮತ್ತು ಅನ್ನ

ಆರು ತಿಂಗಳವರೆಗೆ ತಾಯಿಯ ಹಾಲಷ್ಟೇ ಸಾಕು. ಅನಂತರ ಮೇಲಾಹಾರದೊಡನೆ ಎರಡು ವರ್ಷದವರೆಗಾದರೂ ಅದು ಮುಂದುವರಿಯಬೇಕು. ೨೦೧೭ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯಿದೆಯು ಮೊದಲ ಎರಡು ಹೆರಿಗೆಗಳಿಗೆ ೨೬ ವಾರಗಳ ರಜೆ ನೀಡಿದ್ದಲ್ಲದೆ, ೫೦ ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಪಾಲನಾ ಸೌಲಭ್ಯ ಒದಗಿಸಬೇಕೆಂದೂ, ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಲು ಅವಕಾಶವಿರಬೇಕೆಂದೂ ವಿಧಿಸಿತು. ತಮ್ಮ ಕಚೇರಿಯಲ್ಲಿ ಈ ಸೌಲಭ್ಯವಿದೆಯೇ ಎಂದು ತಾಯಂದಿರು ಮೊದಲು ವಿಚಾರಿಸಬೇಕು. ಕೇಂದ್ರವು ಕೆಲಸದ ಜಾಗಕ್ಕೆ ಹತ್ತಿರವಿದ್ದರೆ ಹಾಲೂಡಿಸುವುದು ಸುಲಭ. ಕಾರ್ಕಳದಿಂದ ಮಣಿಪಾಲಕ್ಕೆ ೩೦ ಕಿ.ಮೀ.ಗೂ ಹೆಚ್ಚಿನ ದಾರಿ. ಮನೆಯ ಬಳಿಯೇ ಕೂಸನ್ನು ಬಿಟ್ಟು ಅಷ್ಟು ದೂರ ಹೋಗುವುದಾದರೆ, ಅವಸರದ ಹೊತ್ತಿಗೆ ಓಡಿಬರಬಲ್ಲ ಹತ್ತಿರದ ಒಬ್ಬ ನಂಬಿಗಸ್ಥರಿರಬೇಕು.

ಹಾಲನ್ನು ಹಿಂಡಿ ಕಳುಹಿಸುವವರು ಪಾತ್ರೆಯ ಮೇಲೆ ಹೆಸರು, ವೇಳೆ ಬರೆದು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು, ಕೇಂದ್ರದ ಫ್ರಿಜ್‌ನಲ್ಲಿ ಇರಿಸಲು ತಿಳಿಸಬೇಕು. ಕರಾವಳಿಯ ಸೆಕೆಯಲ್ಲಿ ಹೊರಗಿಟ್ಟ ಹಾಲು ಬೇಗ ಕೆಡುತ್ತದೆ. ಒಂದು ವರ್ಷ ತುಂಬುವವರೆಗೆ ಜೇನುತುಪ್ಪ ಬೇಡ. ನಮ್ಮ ವೈದ್ಯದಲ್ಲಿ ಜೇನಿನ ಬಳಕೆ ಹೇರಳವಾಗಿದ್ದರೂ, ಅದರಲ್ಲಿ ಇರಬಹುದಾದ ಒಂದು ಸೂಕ್ಷ್ಮಾಣುವಿನಿಂದ ಎಳೆಯ ಕೂಸಿನ ಸ್ನಾಯುಗಳು ಸೋಲುವ ಅಪಾಯವುಂಟು. ಶೇಂಗಾ, ಹುರಿಗಡಲೆ, ಇಡೀ ದ್ರಾಕ್ಷಿ, ಕೊಬ್ಬರಿ ಚೂರುಗಳು ಚಿಕ್ಕ ಮಕ್ಕಳ ಶ್ವಾಸನಾಳದಲ್ಲಿ ಸಿಕ್ಕಿಕೊಳ್ಳುವಂಥವು. ರಾಗಿಯ ಸರಿ, ಮೆತ್ತನೆಯ ಅನ್ನ ಬೇಳೆ, ಗಂಜಿ, ಬಾಳೆಹಣ್ಣುಗಳು ಸಾಕು.

ನಮ್ಮದು ಸಸ್ಯಾಹಾರ, ಕರಾವಳಿಯಲ್ಲಿ ಮೀನು ನಿತ್ಯದ ಊಟ. ಮಗುವಿಗೆ ಏನು ಸಲ್ಲುತ್ತದೆ, ಏನು ಸಲ್ಲದು ಎಂಬುದನ್ನು ಮೊದಲ ದಿನವೇ ಬರೆದುಕೊಡಬೇಕು, ಬುತ್ತಿಯನ್ನೂ ಚಮಚವನ್ನೂ ಪ್ರತ್ಯೇಕವಾಗಿ ಕಳುಹಿಸಬೇಕು. ಹಾಗೆಂದು ಪಕ್ಕದಲ್ಲಿ ಕುಳಿತ ಮಗುವಿನ ತಟ್ಟೆಯ ಬಗ್ಗೆ ಹೇಸಿಗೆ ಕಲಿಸಬಾರದು. ಹಾಗೆಯೇ ಮಗು ನೀರು, ಹಸಿವು, ಮೂತ್ರಗಳಿಗೆ ಮನೆಯಲ್ಲಿ ಬಳಸುವ ಮಾತುಗಳನ್ನೂ ಬರೆದುಕೊಡಿರಿ. ತುಳು ಅಥವಾ ಕೊಂಕಣಿ ಆಡುವ ಆಯಾಗೆ ನಮ್ಮ ಕಡೆಯ ಕೂಸಿನ ತೊದಲು ಅರ್ಥವಾಗಬೇಕಷ್ಟೆ. ಮಗು ಆ ಭಾಷೆಗಳನ್ನು ಕಲಿತರೆ ಲಾಭವೇ.

ನಿದ್ರೆ, ಔಷಧ, ರೋಗ

ವರ್ಷ ತುಂಬದ ಕೂಸನ್ನು ದಿಂಬಿಲ್ಲದೆ ಅಂಗಾತ ಮಲಗಿಸಬೇಕು. ಮಕ್ಕಳನ್ನು ಮಲಗಿಸಲೆಂದು ಜಾಯಿಕಾಯಿ ತೇಯ್ದು ನೆಕ್ಕಿಸುವ, ಕೆಮ್ಮಿನ ಸಿರಪ್ ಕುಡಿಸುವ ಅಭ್ಯಾಸಗಳುಂಟು. ಇವು ಕೂಸಿಗೆ ವಿಷವಾಗಬಲ್ಲವು. ಸಂಜೆ ಮನೆಗೆ ಬಂದ ಮಗು ಪದೇ ಪದೇ ಮಂಪರಿನಲ್ಲಿದ್ದು, ಹಾಲಿಗೂ ಏಳದಿದ್ದರೆ ತಕ್ಷಣ ವೈದ್ಯರಿಗೆ ತೋರಿಸಿ, ಕೇಂದ್ರದಲ್ಲಿ ನೇರವಾಗಿ ಪ್ರಶ್ನಿಸಬೇಕು. ಬರವಣಿಗೆಯಲ್ಲಿ ಒಪ್ಪಿಗೆ ನೀಡದ ಯಾವ ಔಷಧವನ್ನೂ, ಬಜೆ ಮೊದಲಾದ ಮನೆಮದ್ದನ್ನೂ ಕೊಡಕೂಡದೆಂದು ತಿಳಿಸಿರಿ.

ಕೇಂದ್ರಕ್ಕೆ ಸೇರಿದ ಮೊದಲ ವರ್ಷ ನೆಗಡಿ, ಜ್ವರಗಳು ಹೆಚ್ಚು. ಸೇರಿಸುವ ಮುನ್ನ ವಯಸ್ಸಿಗೆ ತಕ್ಕ ಲಸಿಕೆಗಳೆಲ್ಲವೂ ಆಗಿರಬೇಕು. ೯ ತಿಂಗಳ ದಡಾರ–ರುಬೆಲ್ಲಾ ಲಸಿಕೆಯನ್ನು ಮುಂದೂಡಬೇಡಿರಿ. ಜ್ವರ, ಭೇದಿ, ಕೈ ಕಾಲು ಬಾಯಿಗಳಲ್ಲಿ ಗುಳ್ಳೆ ಇರುವ ಮಗುವನ್ನು ಮನೆಯಲ್ಲಿಯೇ ಇರಿಸಬೇಕು. ಅಂಥ ಮಗುವನ್ನು ಹಿಂದಕ್ಕೆ ಕಳುಹಿಸುವ ಕೇಂದ್ರದ ಮೇಲೆ ಕೋಪಿಸಿಕೊಳ್ಳಬಾರದು. ಅದು ಒಳ್ಳೆಯ ಕೇಂದ್ರದ ಲಕ್ಷಣ.

ಅಳುವಿನ ಅರ್ಥ

ಎಂಟು ತಿಂಗಳಿಂದ ಒಂದೂವರೆ ವರ್ಷದವರೆಗಿನ ಮಗು ತಾಯಿ ಅಗಲುವಾಗ ಅಳುವುದು ಸಹಜ. ಮೊದಲ ವಾರ ತಾಯಿಯೂ ಜೊತೆಗಿದ್ದು, ದಿನಕ್ಕೊಂದು ಗಂಟೆಯಿಂದ ಆರಂಭಿಸಿ ಮೆಲ್ಲನೆ ವೇಳೆ ಹೆಚ್ಚಿಸಬೇಕು. ಕಣ್ಣು ತಪ್ಪಿಸಿ ಓಡಿಹೋಗದೆ, ಹೇಳಿ ಹೋಗಬೇಕು. ಕೆಲವು ವಾರಗಳಲ್ಲಿ ಅಳು ಇಳಿಯುತ್ತದೆ. ಇಳಿಯದೆ, ಮಗು ತೂಕ ಕಳೆದುಕೊಂಡರೆ, ನಿದ್ರೆಯಲ್ಲಿ ಬೆಚ್ಚಿದರೆ, ಒಬ್ಬ ವ್ಯಕ್ತಿಯನ್ನು ಕಂಡು ಅಡಗಿಕೊಂಡರೆ, ಕಾರಣ ತಿಳಿಯದ ಗಾಯದ ಗುರುತುಗಳಿದ್ದರೆ ತಡಮಾಡಬಾರದು. ಮಕ್ಕಳ ಸಹಾಯವಾಣಿ ೧೦೯೮ ಎಂಬುದು ಎಲ್ಲರ ನೆನಪಿನಲ್ಲಿರಲಿ. ತಂದೆ ತಾಯಿಗಳು ತಿಳಿಸದೆ ಬಂದಾಗ ಒಳಬಿಡದ ಕೇಂದ್ರ ಎಷ್ಟೇ ಹೆಸರುವಾಸಿಯಾಗಿದ್ದರೂ ಬೇಡ. ಕ್ಯಾಮೆರಾ ಇದೆಯೆಂಬುದು ಈ ಭೇಟಿಗೆ ಬದಲಾಗದು.

ಖಾಸಗಿ ಕೇಂದ್ರದ ಶುಲ್ಕ ಭರಿಸಲಾಗದವರು ಗ್ರಾಮ ಪಂಚಾಯಿತಿಗಳ ‘ಕೂಸಿನ ಮನೆ’ ತಮ್ಮ ಊರಿನಲ್ಲಿದೆಯೇ ಎಂದು ವಿಚಾರಿಸಬಹುದು. ಮೂರು ವರ್ಷ ತುಂಬಿದ ಮಕ್ಕಳಿಗೆ ಅಂಗನವಾಡಿಯುಂಟು. ಅಲ್ಲಿಗೂ ಇದೇ ಒರೆಗಲ್ಲು.

ಕೊನೆಯದಾಗಿ, ಶುಲ್ಕದ ಬಗ್ಗೆ ಚೌಕಾಶಿ ಮಾಡುವ ಮುನ್ನ ಆಯಾಳ ಸಂಬಳವನ್ನು ವಿಚಾರಿಸಿರಿ. ಸಂಬಳ ಸಾಲದೆ ಆಕೆ ಬಿಟ್ಟುಹೋದರೆ ನಷ್ಟ ನಮ್ಮ ಕೂಸಿಗೇ. ಪರರ ಮಕ್ಕಳ ಮಲಮೂತ್ರ ಬಳಿದು, ಉಣಿಸಿ, ಮಲಗಿಸುವ ಕೆಲಸವೂ ಕಾಯಕ. ಆ ಕಾಯಕಕ್ಕೆ ಗೌರವವನ್ನೂ ನ್ಯಾಯವಾದ ಪ್ರತಿಫಲವನ್ನೂ ಕೊಡುವ ಮನೆಯನ್ನು ಹುಡುಕಿರಿ. ಅಲ್ಲಿಯ ಕೈಗಳಲ್ಲಿ ಕೂಸು ಸುಖವಾಗಿರುತ್ತದೆ.