ಮೊದಲ ಪುಟದ ಆಸೆ ಆಮೇಲೆ, ಮಂಚದ ಅಳತೆ ಮೊದಲು

ಮಗಳೇ, ನಿನ್ನ ಫರ್ನಿಚರ್ ವೆಬ್‌ಸೈಟ್ ಪೂರ್ತಿ ನೋಡಿದೆ. ಮಾಲು ಚೆನ್ನಾಗಿದೆ, ಬೆಲೆಯೂ ನ್ಯಾಯವಾಗಿದೆ. ಗೂಗಲ್‌ನಲ್ಲಿ ‘ಫರ್ನಿಚರ್’ ಎಂದು ಹುಡುಕಿದರೆ ನಮ್ಮ ಅಂಗಡಿ ಎಲ್ಲೂ ಕಾಣುವುದಿಲ್ಲ ಎಂದು ಕೊರಗುತ್ತೀಯಲ್ಲ, ಆ ಕೊರಗು ಬಿಡು. ಆ ಒಂದು ಪದಕ್ಕೆ ಪೆಪ್ಪರ್‌ಫ್ರೈ, ಅರ್ಬನ್ ಲ್ಯಾಡರ್, ಐಕಿಯಾ ಪೈಪೋಟಿಗೆ ನಿಂತಿವೆ. ಅವರ ಜೊತೆ ಅಲ್ಲಿ ಗುದ್ದಾಡಿ ನಿನಗೇನೂ ಸಿಗುವುದಿಲ್ಲ. ನಿಜವಾಗಿ ಕೊಳ್ಳಲು ಕೂತವನು ‘ಸ್ಟೋರೇಜ್ ಇರುವ ಶೀಶಂ ಮಂಚ 78x60’ ಎಂದು ಉದ್ದಕ್ಕೆ ಬರೆದು ಹುಡುಕುತ್ತಾನೆ. ನಿನಗೆ ಬೇಕಾದವನು ಅವನು.

ಈಗ ನಿನ್ನ ಕ್ವೀನ್ ಸೈಜ್ ಮಂಚದ ಪುಟವನ್ನೇ ತೆಗೆದುಕೋ. ‘ಸುಂದರ ವಿನ್ಯಾಸ, ಉತ್ತಮ ಗುಣಮಟ್ಟ’ ಎಂದು ಎರಡು ಸಾಲು ಬರೆದು ಬಿಟ್ಟಿದ್ದೀಯ. ನಮ್ಮ ದೇಶದಲ್ಲಿ ಕ್ವೀನ್ ಅಂದರೆ ಅಗಲ ಸಾಮಾನ್ಯವಾಗಿ 60 ಇಂಚು, ಸರಿ. ಉದ್ದ? 72 ಇಂಚಿನ ಹಾಸಿಗೆಯೂ ಸಿಗುತ್ತದೆ, 75ರದ್ದೂ ಸಿಗುತ್ತದೆ, 78ರದ್ದೂ ಸಿಗುತ್ತದೆ. ಮನೆಯಲ್ಲಿ ಆಗಲೇ ಹಾಸಿಗೆ ಇರುವವರಿಗೆ ಮೊದಲು ಏಳುವ ಪ್ರಶ್ನೆಯೇ ಅದು. ನಿನ್ನ ಪುಟದಲ್ಲಿ ಉತ್ತರವಿಲ್ಲ. ಒಳ ಅಳತೆ, ಹೊರ ಅಳತೆ ಬೇರೆ ಬೇರೆ ಬರೆ. ಇಂಚಿನಲ್ಲೂ ಬರೆ, ಅಡಿಯಲ್ಲೂ ಬರೆ. ಬಿಡಿಭಾಗವಾಗಿ ಬರುತ್ತದೋ ಜೋಡಿಸಿಯೇ ಬರುತ್ತದೋ, ಲಿಫ್ಟ್ ಇಲ್ಲದ ಮೂರನೇ ಮಹಡಿಗೆ ಹೊತ್ತು ತರುತ್ತಾರೋ ಇಲ್ಲವೋ, ಕೆಳಗಿನ ಪೆಟ್ಟಿಗೆ ಎಳೆಯುವುದೋ ಎತ್ತುವುದೋ, ಎಲ್ಲ ಹೇಳು. ಮರದ ವಿಷಯದಲ್ಲಂತೂ ಪ್ರಾಮಾಣಿಕವಾಗಿರು. ಶೀಶಂ ಮತ್ತು ನಮ್ಮ ಬೀಟೆ ಒಂದೇ ಕುಲದವು, ಆದರೆ ಒಂದೇ ಮರವಲ್ಲ. ಎರಡನ್ನೂ ‘ರೋಸ್‌ವುಡ್’ ಎಂದು ಮಾರುವವರಿದ್ದಾರೆ. ನೀನು ಹಾಗೆ ಮಾಡಬೇಡ. ಚೌಕಟ್ಟು ಗಟ್ಟಿ ಮರ, ಹಲಗೆ ಪ್ಲೈವುಡ್ ಆಗಿದ್ದರೆ ಹಾಗೆಂದೇ ಬರೆ. ಫೋನಿನಲ್ಲಿ ಗಿರಾಕಿಗಳು ಕೇಳುವ ಪ್ರಶ್ನೆಗಳನ್ನು ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾ ಬಾ. ಯಾವ ದುಬಾರಿ ಕೀವರ್ಡ್ ಟೂಲೂ ಅಷ್ಟು ಒಳ್ಳೆಯ ಪಟ್ಟಿ ಕೊಡಲಾರದು.

ತಯಾರಕರು ಕೊಟ್ಟ ವಿವರಣೆಯನ್ನು ಹಾಗೇ ಅಂಟಿಸಬೇಡ. ಅದೇ ಸಾಲುಗಳು ಇನ್ನೆಷ್ಟೋ ಅಂಗಡಿಗಳಲ್ಲಿ ಇರುತ್ತವೆ, ಗೂಗಲ್ ಅವುಗಳಲ್ಲಿ ನಿನ್ನದನ್ನೇ ಯಾಕೆ ಆರಿಸಬೇಕು? ಎಐಗೆ ಹೇಳಿ ಒಂದೇ ರಾತ್ರಿಯಲ್ಲಿ ನೂರಾರು ಲೇಖನ ತುಂಬಿಸುವ ಆಲೋಚನೆಯೂ ಬೇಡ. ಹುಡುಕಾಟದಲ್ಲಿ ಮೇಲೆ ಬರಲೆಂದೇ ಸತ್ವವಿಲ್ಲದ ಪುಟಗಳನ್ನು ರಾಶಿ ಹಾಕುವುದನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ಸ್ಪ್ಯಾಮ್ ನಿಯಮದೊಳಗೆ ಸೇರಿಸಿದೆ.

ಫೋಟೋ ಕಡೆಗೂ ಸ್ವಲ್ಪ ಗಮನ ಕೊಡು. ಕ್ಯಾಮೆರಾದಿಂದ ಬಂದ ಭಾರೀ ಫೈಲನ್ನು ಹಾಗೇ ಏರಿಸಿದ್ದೀಯ. ಮೊಬೈಲಿನಲ್ಲಿ ಪುಟ ತೆರೆಯುವಷ್ಟರಲ್ಲಿ ನೋಡುವವರು ಹೊರಟೇ ಹೋಗುತ್ತಾರೆ. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕು ಎಂಬುದು ಗೂಗಲ್‌ನ ಅಳತೆಗೋಲು. ಚಿತ್ರಗಳನ್ನು ಹಗುರ ಮಾಡು, ಫೈಲಿಗೆ ಕ್ಯಾಮೆರಾ ಕೊಟ್ಟ ನಂಬರಿನ ಬದಲು ವಸ್ತುವಿನ ಹೆಸರಿಡು, ಆಲ್ಟ್ ಟೆಕ್ಸ್ಟ್‌ನಲ್ಲಿ ಚಿತ್ರದಲ್ಲಿ ಏನಿದೆಯೋ ಅದನ್ನು ಬರೆ.

ಇನ್ನು ಬಣ್ಣ, ಅಳತೆ, ಬೆಲೆ ಎಂದು ಫಿಲ್ಟರ್ ಒತ್ತಿದಾಗಲೆಲ್ಲ ಹೊಸ ಹೊಸ ವಿಳಾಸ ಹುಟ್ಟುತ್ತಿದೆ. ಒಂದೇ ಸೋಫಾ ಹತ್ತಾರು ವಿಳಾಸಗಳಲ್ಲಿ ಕಂಡರೆ ಅಸಲಿ ಪುಟ ಯಾವುದೆಂದು ಸರ್ಚ್ ಎಂಜಿನ್‌ಗೆ ಗೊಂದಲ. ಅದನ್ನು ತೋರಿಸುವ ಕ್ಯಾನೋನಿಕಲ್ ಟ್ಯಾಗ್ ಹಾಕಿಕೊಡು ಎಂದು ಸೈಟ್ ಮಾಡಿದ ಹುಡುಗನಿಗೆ ಹೇಳು. ಬೆಲೆ, ದಾಸ್ತಾನು ಹುಡುಕಾಟದ ಫಲಿತಾಂಶದಲ್ಲೇ ಕಾಣುವಂತೆ ಪ್ರಾಡಕ್ಟ್ ಸ್ಕೀಮಾವನ್ನೂ ಅವನೇ ಸೇರಿಸಲಿ. ಇವೆರಡೂ ಅವನ ಕೆಲಸ, ನೀನು ತಲೆ ಕೆಡಿಸಿಕೊಳ್ಳಬೇಡ.

ಗಿರಾಕಿ ಬಂದು ಮುಟ್ಟಿ ನೋಡುವಂಥ ಷೋರೂಮ್ ಇದ್ದರೆ ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡಿಸು. ಬರೀ ಆನ್‌ಲೈನ್ ಅಂಗಡಿಗೆ ಅದು ಸಲ್ಲುವುದಿಲ್ಲ, ಸುಳ್ಳು ವಿಳಾಸ ಕೊಟ್ಟರೆ ಪ್ರೊಫೈಲೇ ಅಮಾನತಾಗಬಹುದು.

‘ಸಾವಿರ ಬ್ಯಾಕ್‌ಲಿಂಕ್, ತಿಂಗಳಲ್ಲಿ ಮೊದಲ ಸ್ಥಾನ’ ಎಂದು ವಾಟ್ಸಾಪಿನಲ್ಲಿ ಬರುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡ. 2012ರ ಏಪ್ರಿಲ್‌ನಲ್ಲಿ ಗೂಗಲ್‌ನ ಪೆಂಗ್ವಿನ್ ಎಂಬ ಅಪ್‌ಡೇಟ್ ಬಂದಾಗ ಹೀಗೆ ಬೇರೆ ಸೈಟುಗಳಿಂದ ಕೊಂಡ ಲಿಂಕ್‌ಗಳ ಮೇಲೆ ನಿಂತಿದ್ದ ಸೈಟುಗಳು ದಡಕ್ಕನೆ ಕೆಳಗೆ ಬಿದ್ದವು. ಮೊದಲ ಸ್ಥಾನದ ಗ್ಯಾರಂಟಿ ಯಾರಿಂದಲೂ ಸಾಧ್ಯವಿಲ್ಲ ಎಂದು ಗೂಗಲ್‌ನವರೇ ಹೇಳುತ್ತಾರೆ. ನಿನ್ನ ಮೇಜು ಹಾಕಿಸಿಕೊಂಡ ಇಂಟೀರಿಯರ್ ಡಿಸೈನರ್ ತನ್ನ ಸೈಟಿನಲ್ಲಿ ನಿನ್ನ ಹೆಸರು ಹಾಕಿದರೆ, ಆ ಒಂದು ಲಿಂಕ್‌ಗೆ ಬೆಲೆಯಿದೆ.

ಫಲ ಕಾಣಲು ನಾಲ್ಕು ತಿಂಗಳಿಂದ ಒಂದು ವರ್ಷ ಬೇಕಾಗುತ್ತದೆ. ಅಷ್ಟು ದಿನಕ್ಕೆ ಬಾಡಿಗೆ, ಬಡ್ಡಿ, ಬಡಗಿಗಳ ಕೂಲಿ ಎಲ್ಲಿಂದ ಬರುತ್ತದೆಂದು ಈಗಲೇ ಲೆಕ್ಕ ಹಾಕಿಟ್ಟುಕೋ. ಅಲ್ಲಿಯವರೆಗೆ ವಾರಕ್ಕೊಮ್ಮೆ ಗೂಗಲ್‌ನ ಸರ್ಚ್ ಕನ್ಸೋಲ್ ತೆರೆದು, ಎರಡನೇ ಪುಟದ ಆಸುಪಾಸಿನಲ್ಲಿ ನಿಂತಿರುವ ನಿನ್ನ ಪುಟ ಯಾವುದು, ಜನ ಯಾವ ಮಾತು ಬರೆದು ಅದರವರೆಗೆ ಬಂದರು ನೋಡು. ಅವರು ಕೇಳಿದ್ದಕ್ಕೆ ಆ ಪುಟದಲ್ಲಿ ಉತ್ತರವಿಲ್ಲದಿದ್ದರೆ ಅಂದೇ ಸೇರಿಸು.