ಒಂದು ಓ-ರಿಂಗ್, ಎರಡು ವಾರಾಂತ್ಯ

ಸ್ಟಾರ್ಟರ್ ಎರಡು ಸುತ್ತು ತಿರುಗಿತ್ತು, ಅಷ್ಟೆ. ಗ್ಯಾರೇಜಿನ ತುಂಬ ಪೆಟ್ರೋಲ್ ವಾಸನೆ. ಕೀ ಹಿಂದಕ್ಕೆ ತಿರುಗಿಸಿ, ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಬಾಗಿಲನ್ನು ಪೂರ್ತಿ ಎತ್ತಿ ಹೊರಗೆ ನಿಂತೆ. ಎರಡು ದಿನ ಕೂತು ಜೋಡಿಸಿದ್ದ ಎಂಜಿನ್ನಿನ ಒಳಗೆಲ್ಲೋ ಪೆಟ್ರೋಲ್ ಸೋರುತ್ತಿತ್ತು. ಎಲ್ಲಿ ಎಂದು ನೋಡಲು ಕಣ್ಣಿಗೆ ಜಾಗವಿರಲಿಲ್ಲ.

ಕಾರು 1993ರ ಮಜ್ದಾ ಆರ್‌ಎಕ್ಸ್-7. ಅಭಿಮಾನಿಗಳು ‘ಎಫ್‌ಡಿ’ ಎನ್ನುವ ಈ ಮೂರನೇ ತಲೆಮಾರು ಅಮೆರಿಕದಲ್ಲಿ ಮಾರಾಟವಾದದ್ದು 1993ರಿಂದ 1995ರವರೆಗೆ, ಮೂರೇ ಮಾಡೆಲ್ ವರ್ಷ. ಇದರ ಎಂಜಿನ್ನಿನಲ್ಲಿ ಪಿಸ್ಟನ್ ಇಲ್ಲ. ತ್ರಿಕೋನಾಕಾರದ ಎರಡು ರೋಟರ್‌ಗಳು ಸುತ್ತುತ್ತವೆ. ಕೇವಲ 1308 ಸಿಸಿ, ಎರಡು ಟರ್ಬೊ, 255 ಅಶ್ವಶಕ್ತಿ. 1991ರಲ್ಲಿ ಲೆ ಮಾನ್ ಇಪ್ಪತ್ತನಾಲ್ಕು ಗಂಟೆಗಳ ಓಟ ಗೆದ್ದ ಮಜ್ದಾ 787ಬಿ ಕಾರಿನದೂ ಇದೇ ಕುಲದ ಎಂಜಿನ್, ಅದರಲ್ಲಿ ರೋಟರ್ ನಾಲ್ಕು. ಬೆಂಗಳೂರಿನಲ್ಲಿ ಓದುವಾಗ ಕೆ-1000 ರ್‍ಯಾಲಿಯ ಕಾರುಗಳನ್ನು ನೋಡಲು ಓಡುತ್ತಿದ್ದ ನನಗೆ ಇಂಥದ್ದೊಂದು ಮಿಶಿಗನ್‌ನಲ್ಲಿ ಕೈಗೆ ಸಿಕ್ಕಿತು.

ನಾನು ಬದಲಿಸಿದ್ದು ಇದರ ಫ್ಯುಯೆಲ್ ರೈಲ್. ಫ್ಯುಯೆಲ್ ರೈಲ್ ಎಂದರೆ ಅಡಿಕೆ ತೋಟದ ಡ್ರಿಪ್ ಪೈಪ್ ಇದ್ದ ಹಾಗೆ. ಒಂದು ಮುಖ್ಯ ಕೊಳವೆ, ಅದರ ಬಾಯಿಗಳಿಗೆ ಸಿಕ್ಕಿಸಿದ ಇಂಜೆಕ್ಟರ್‌ಗಳು. ಎಫ್‌ಡಿಯಲ್ಲಿ ರೈಲ್ ಎರಡು. ಎರಡು ಪ್ರೈಮರಿ ಇಂಜೆಕ್ಟರ್‌ಗಳದ್ದು ಒಂದು, ಎರಡು ಸೆಕೆಂಡರಿಗಳದ್ದು ಇನ್ನೊಂದು. ಪ್ರೈಮರಿ ರೈಲಿನ ಮೇಲೆ ಪಲ್ಸೇಶನ್ ಡ್ಯಾಂಪರ್ ಎಂಬ ಪುಟ್ಟ ಡಬ್ಬಿಯಿದೆ. ಇಂಜೆಕ್ಟರ್ ತೆರೆದು ಮುಚ್ಚುವಾಗ ಪೆಟ್ರೋಲಿನಲ್ಲಿ ಏಳುವ ಬಡಿತವನ್ನು ಅದರೊಳಗಿನ ಪೊರೆ ಹೀರಿಕೊಳ್ಳುತ್ತದೆ. ವರ್ಷಗಟ್ಟಲೆ ಬಿಸಿ ತಿಂದ ಪೊರೆ ಬಿರುಕು ಬಿಟ್ಟರೆ ಪೆಟ್ರೋಲ್ ನೇರ ಎಂಜಿನ್ ಮೇಲೆ ಹನಿಯುತ್ತದೆ. ಎಫ್‌ಡಿಗಳು ಬೆಂಕಿಗೆ ಆಹುತಿಯಾದ ಕಥೆಗಳಲ್ಲಿ ಈ ಡಬ್ಬಿಯ ಹೆಸರು ಮತ್ತೆ ಮತ್ತೆ ಬರುತ್ತದೆ. ನನ್ನ ಕಾರಿನ ಡ್ಯಾಂಪರ್ ಸುತ್ತ ಒದ್ದೆ ಕಲೆ ಕಂಡ ದಿನವೇ ಕಾರು ಓಡಿಸುವುದನ್ನು ನಿಲ್ಲಿಸಿದೆ.

ಹೊಸ ಡ್ಯಾಂಪರ್ ಹಾಕಿದ್ದರೂ ಸಾಕಿತ್ತು. ಆದರೆ ದೊಡ್ಡ ಇಂಜೆಕ್ಟರ್ ಹಾಕುವ ಯೋಚನೆ ಮೊದಲಿನಿಂದ ಇತ್ತು, ಹಾಗಾಗಿ ಅಲ್ಯೂಮಿನಿಯಂ ರೈಲ್‌ಗಳ ಜೋಡಿಯನ್ನೇ ತರಿಸಿದೆ. ಒಂದು ಮಾತು ನೇರವಾಗಿ ಹೇಳಬೇಕು: ರೈಲ್ ಬದಲಿಸಿದ ಮಾತ್ರಕ್ಕೆ ಒಂದು ಅಶ್ವಶಕ್ತಿಯೂ ಹೆಚ್ಚುವುದಿಲ್ಲ. ಇಂಜೆಕ್ಟರ್, ಪಂಪ್, ಎಂಜಿನ್ ಕಂಪ್ಯೂಟರಿನ (ಇಸಿಯು) ಟ್ಯೂನಿಂಗ್ ಮೂರೂ ಕೂಡಿದಾಗ ಮಾತ್ರ ರೈಲಿಗೆ ಬೆಲೆ.

ಪೆಟ್ರೋಲ್ ಪಂಪಿನ ಕನೆಕ್ಷನ್ ಕಿತ್ತು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಒತ್ತಡ ಇಳಿಸಿದ್ದೆ. ಬಿಚ್ಚುವ ಮೊದಲು ಫೋಟೊ ತೆಗೆದಿದ್ದೆ, ಪ್ರತಿ ವ್ಯಾಕ್ಯೂಮ್ ಪೈಪಿಗೂ ಚೀಟಿ ಅಂಟಿಸಿದ್ದೆ. ಎಫ್‌ಡಿಯ ವ್ಯಾಕ್ಯೂಮ್ ಪೈಪುಗಳ ಗೋಜಲಿಗೆ ಇಲ್ಲಿನವರು ‘ಇಲಿಗೂಡು’ ಎಂದೇ ಹೆಸರಿಟ್ಟಿದ್ದಾರೆ. ಥ್ರಾಟಲ್ ಬಾಡಿ, ಮೇಲಿನ ಇನ್‌ಟೇಕ್ ಮ್ಯಾನಿಫೋಲ್ಡ್ ಎರಡನ್ನೂ ತೆಗೆದರೇ ಪ್ರೈಮರಿ ರೈಲ್ ಕಾಣುವುದು. ಇಷ್ಟೆಲ್ಲ ಎಚ್ಚರ ವಹಿಸಿದವನು, ರೈಲ್ ಕೂರಿಸಿದ ಮೇಲೆ ಒಮ್ಮೆಯೂ ಒತ್ತಡ ಕೊಟ್ಟು ನೋಡದೆ ಎಲ್ಲವನ್ನೂ ಮುಚ್ಚಿಬಿಟ್ಟೆ.

ಮುಂದಿನ ಶನಿವಾರ ಕಾಕಾ ಬಂದರು. ಪಕ್ಕದ ಬೀದಿಯಲ್ಲಿರುವ ಗೆಳೆಯನ ತಂದೆ. ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷ ಡೀಸೆಲ್ ಪಂಪ್-ನಾಝಲ್ ಅಂಗಡಿ ನಡೆಸಿದವರು, ಮಗನ ಮನೆಗೆ ಆರು ತಿಂಗಳಿಗೆಂದು ಬಂದಿದ್ದರು. ರೋಟರಿ ಎಂಜಿನ್ ಅವರು ಕಂಡದ್ದು ಅದೇ ಮೊದಲು. ಮ್ಯಾನಿಫೋಲ್ಡ್ ಮತ್ತೆ ಇಳಿಸಿದ ಮೇಲೆ ರೈಲಿನ ಮೇಲೆ ಟಾರ್ಚ್ ಬಿಟ್ಟು ಕೇಳಿದರು: “ತಮ್ಮಾ, ಬೋಲ್ಟ್ ಬಿಗಿ ಮಾಡೀದಿ ಖರೆ. ಇಂಜೆಕ್ಟರ್ ಕೈಲೆ ತಿರುಗ್ತಾವೇನು ನೋಡಿದ್ಯೇನು?”

ನೋಡಿರಲಿಲ್ಲ. ಒಂದು ಸಲೀಸಾಗಿ ತಿರುಗಿತು. ಇನ್ನೊಂದು ಕಚ್ಚಿಕೊಂಡಿತ್ತು.

ರೈಲ್ ಬಿಗಿ ಮಾಡಿದ ಮೇಲೂ ಇಂಜೆಕ್ಟರ್ ಬೆರಳಿಗೆ ತಿರುಗಬೇಕು. ತಿರುಗದಿದ್ದರೆ ಅದು ಓರೆಯಾಗಿ ಕೂತಿದೆ, ಸೋರಿಕೆ ತಡೆಯುವ ರಬ್ಬರ್ ಬಳೆಯ, ಅಂದರೆ ಓ-ರಿಂಗಿನ, ಮೇಲೆ ಒಂದೇ ಕಡೆ ಒತ್ತು ಬೀಳುತ್ತಿದೆ ಎಂದರ್ಥ. ಬಿಚ್ಚಿದಾಗ ಆ ಇಂಜೆಕ್ಟರಿನ ತಲೆಯ ಓ-ರಿಂಗಿನಲ್ಲಿ ಉಗುರು ತಾಗಿಸಿದಷ್ಟು ಸಣ್ಣ ಸೀಳು. “ಒಣಾ ಒಣಾ ಹಾಕಿದ್ಯೇನು? ಎಣ್ಣಿ ಹಚ್ಚಬೇಕಿತ್ತಲ್ಲೋ,” ಎಂದರು ಕಾಕಾ. ಒಂದು ಹನಿ ಶುದ್ಧ ಎಂಜಿನ್ ಆಯಿಲ್ ಸವರಿದ್ದರೆ ಓ-ರಿಂಗ್ ಜಾರಿ ಕೂರುತ್ತಿತ್ತು. ಬೋಲ್ಟ್‌ನಿಂದಲೇ ರೈಲನ್ನು ಕೆಳಗೆ ಎಳೆಯುವ ಬದಲು, ಮೊದಲು ಎರಡೂ ಕೈಯಿಂದ ಸಮನಾಗಿ ಒತ್ತಿ ಕೂರಿಸಬೇಕಿತ್ತು. ರೈಲಿನ ಕೆಳಗಿನ ಸ್ಪೇಸರ್‌ಗಳಲ್ಲೂ ಒಂದು ತುಸು ಎತ್ತರವಿತ್ತು, ಅದನ್ನು ಬದಲಿಸಿದೆವು.

ಕಾಕಾ ಆಮೇಲೆ ಪೆಟ್ರೋಲ್ ಪೈಪು ರೈಲಿಗೆ ಕೂಡುವ ಫಿಟ್ಟಿಂಗ್‌ಗಳತ್ತ ತಿರುಗಿದರು. ಒಂದರ ಮೇಲೆ ನಾನು ಟೆಫ್ಲಾನ್ ಟೇಪ್ ಸುತ್ತಿದ್ದೆ, ನಲ್ಲಿ ಕೂರಿಸುವಾಗಿನ ಅಭ್ಯಾಸ. ‘ಎಎನ್ ಫ್ಲೇರ್’ ಎಂಬ ಈ ಬಗೆಯ ಫಿಟ್ಟಿಂಗ್‌ನಲ್ಲಿ ಸೋರಿಕೆ ತಡೆಯುವುದು ಥ್ರೆಡ್ ಅಲ್ಲ, 37 ಡಿಗ್ರಿ ಇಳಿಜಾರಿನ ಎರಡು ಲೋಹದ ಮುಖಗಳ ಕೂಡುವಿಕೆ. ಅಲ್ಲಿ ಟೇಪಿಗೆ ಕೆಲಸವಿಲ್ಲ. ಬದಲಿಗೆ ಅದರ ಎಳೆ ಹರಿದು ಪೆಟ್ರೋಲಿನೊಂದಿಗೆ ಹೋದರೆ ಇಂಜೆಕ್ಟರಿನ ಬಾಯಿ ಕಟ್ಟುತ್ತದೆ. ರೋಟರಿ ಟರ್ಬೊದಲ್ಲಿ ಒಂದು ಇಂಜೆಕ್ಟರ್ ಕಡಿಮೆ ಸಿಂಪಡಿಸಿದರೂ ಆ ರೋಟರಿನಲ್ಲಿ ಇಂಧನ ತಾನಾಗಿ ಸಿಡಿಯುವ ನಾಕಿಂಗ್ ಶುರುವಾಗಿ ರೋಟರಿನ ಮೂಲೆಯ ಅಪೆಕ್ಸ್ ಸೀಲ್ ಮುರಿಯಬಹುದು, ಅಂದರೆ ಇಡೀ ಎಂಜಿನ್ ಬಿಚ್ಚುವ ಕೆಲಸ. ಟೇಪ್ ಕಿತ್ತು, ಥ್ರೆಡ್ ಒರೆಸಿ, ಮತ್ತೆ ಕೂರಿಸಿದೆ.

ಈ ಬಾರಿ ಮುಚ್ಚುವ ಅವಸರ ಮಾಡಲಿಲ್ಲ. ಎಫ್‌ಡಿಯ ಬಾನೆಟ್ ಕೆಳಗಿನ ಡಯಾಗ್ನಾಸಿಸ್ ಡಬ್ಬಿಯಲ್ಲಿ ಎಫ್/ಪಿ ಮತ್ತು ಗ್ರೌಂಡ್ ಎಂಬ ಎರಡು ತೂತುಗಳಿವೆ. ಇವೆರಡಕ್ಕೂ ಒಂದು ತಂತಿ ಸಿಕ್ಕಿಸಿ ಕೀ ಆನ್ ಮಾಡಿದರೆ, ಎಂಜಿನ್ ತಿರುಗದೆಯೇ ಪೆಟ್ರೋಲ್ ಪಂಪ್ ಓಡುತ್ತದೆ. ಈ ಸೌಲಭ್ಯದ ಬಗ್ಗೆ ಓದಿಯೂ ಮೊದಲ ಸಲ ಬಳಸಿರಲಿಲ್ಲ. ಪೆಟ್ರೋಲ್ ಒತ್ತಡದ ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪ್ ತೆಗೆದಿಟ್ಟು ಅದನ್ನು 40 ಪಿಎಸ್‌ಐಗೆ ಹೊಂದಿಸಿದೆ, ಕಾರಿನ ಟೈರಿನ ಗಾಳಿಗಿಂತ ತುಸು ಹೆಚ್ಚು. ನೂರಾರು ಬಾರ್ ಒತ್ತಡದ ನಾಝಲ್‌ಗಳೊಂದಿಗೆ ಬಾಳಿದ ಕಾಕಾಗೆ ಇದು ಲೆಕ್ಕಕ್ಕಿಲ್ಲದ ಅಂಕಿ, ಆದರೂ ಹತ್ತು ನಿಮಿಷ ಪಂಪ್ ಓಡಿಸಿ, ಪ್ರತಿ ಸಂದಿಗೂ ಬಿಳಿ ಟಿಶ್ಯೂ ಒತ್ತಿ ಒತ್ತಿ ನೋಡಿದರು. ಪೆಟ್ರೋಲ್ ಬೆಂಕಿಗೆಂದೇ ಇರುವ ಬಿ ಕ್ಲಾಸ್ ಅಗ್ನಿಶಾಮಕ ಸಿಲಿಂಡರ್ ಹಿಡಿದು ನಾನು ಬಾಗಿಲ ಬಳಿ ನಿಂತಿದ್ದೆ. ಟಿಶ್ಯೂ ಒಣಗಿಯೇ ಇತ್ತು. ಆಮೇಲೆ ಮ್ಯಾನಿಫೋಲ್ಡ್ ಮುಚ್ಚಿದೆವು.

ಕಾಕಾ ಊರಿಗೆ ಮರಳುವ ಮೊದಲು, ಸೀಳಿದ ಓ-ರಿಂಗಿನ ಜಾಗಕ್ಕೆ ಹಾಕಿದ್ದು ಯಾವ ರಬ್ಬರ್ ಎಂದು ಕೇಳಿದ್ದರು. ಎಫ್‌ಕೆಎಂ, ಬಳಕೆಯ ಹೆಸರಿನಲ್ಲಿ ವಿಟಾನ್. ಇಲ್ಲಿನ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇ. 10ರವರೆಗೆ ಎಥನಾಲ್ ಇರುತ್ತದೆ. ಭಾರತದ ಬಂಕುಗಳಲ್ಲಿ ಈಗ ಶೇ. 20. ಹಳೆಯ ಪೆಟ್ರೋಲಿಗೆಂದು ಮಾಡಿದ ಕೆಲವು ರಬ್ಬರ್‌ಗಳು ಎಥನಾಲಿಗೆ ಊದಿಕೊಳ್ಳುತ್ತವೆ, ಇಲ್ಲವೇ ಗಟ್ಟಿಯಾಗಿ ಬಿರುಕು ಬಿಡುತ್ತವೆ. ನಿಮ್ಮ ಮನೆಯ ಮುಂದೆ ನಿಂತಿರುವುದು ಸ್ಪೋರ್ಟ್ಸ್ ಕಾರಲ್ಲದೆ ಹದಿನೈದು ವರ್ಷದ ಸಾಧಾರಣ ಪೆಟ್ರೋಲ್ ಕಾರಾದರೂ, ಮುಂದಿನ ಸರ್ವಿಸ್‌ನಲ್ಲಿ ಪೆಟ್ರೋಲ್ ಪೈಪ್ ಮತ್ತು ಇಂಜೆಕ್ಟರ್ ಓ-ರಿಂಗ್‌ಗಳನ್ನು ಬಿಚ್ಚಿ ತೋರಿಸಲು ಹೇಳಿ. ಬದಲಿಸುವುದಾದರೆ ಎಥನಾಲಿಗೆ ಹೊಂದುವುದನ್ನೇ ಕೇಳಿ ಹಾಕಿಸಿ, ಮೆಕ್ಯಾನಿಕ್ ಒತ್ತಡ ಕೊಟ್ಟು ಪರೀಕ್ಷಿಸುವವರೆಗೆ ಪಕ್ಕದಲ್ಲೇ ನಿಂತಿರಿ.